ಗೇಣು ಕಡಿಮೆ ಬಿದ್ದ ಪರದೆ

ಉದಗೀರದ ಚರಿತ್ರೆ ಬರೆಯಲು ಯಾರಾದರೂ ಕೂತರೆ, ಕೋಟೆ, ಮುತ್ತಿಗೆ, ನವಾಬರು ಎಂದು ಕಾಲ ಕಳೆಯದೆ ಮೊದಲ ಅಧ್ಯಾಯದಲ್ಲೇ ಇತ್ಯರ್ಥ ಮಾಡಬೇಕಾದ ಘನವಾದ ಪ್ರಶ್ನೆಯೊಂದಿದೆ. ಕನ್ಯಾ ಪಾಠಶಾಲೆಯ ಪಡಸಾಲೆಯಲ್ಲಿ ಇಳಿಬಿಟ್ಟಿದ್ದ ನೀಲಿ ಪರದೆ ನೆಲಕ್ಕಿಂತ ಒಂದು ಗೇಣು ಮೇಲೆ ಯಾಕಿತ್ತು?

ಈ ವಿಷಯದಲ್ಲಿ ಊರು ಎರಡು ಪಕ್ಷವಾಗಿತ್ತು. ಬಟ್ಟೆ ಕೊಟ್ಟವರು ಜವಳಿ ಅಂಗಡಿಯ ಮನ್ಮಥಪ್ಪನವರು, ಪಾಠಶಾಲೆಯ ಪಂಚರಲ್ಲಿ ಮುಖ್ಯರು. ಅವರ ಕೈ ಎಷ್ಟು ಬಿಗಿ ಎನ್ನುವುದಕ್ಕೆ ಆ ಗೇಣೇ ಸಾಕ್ಷಿ ಎನ್ನುವುದು ಊರಿನ ಪಕ್ಷ. ಹೊಲಿದವಳು ಅಡಿಗೆಯ ಗುಂಡಮ್ಮ, ಆಕೆಗೆ ಅಳತೆಯೇ ಬರುವುದಿಲ್ಲ ಎನ್ನುವುದು ಮನ್ಮಥಪ್ಪನವರೊಬ್ಬರ ಪಕ್ಷ. ಈ ಮಾತು ಕೇಳಿ ಕೇಳಿ ಬೇಸತ್ತ ಗುಂಡಮ್ಮ ಒಮ್ಮೆ ಅಂಚಿಗೆ ಬೇರೆ ತುಂಡು ಹಚ್ಚಲು ಸೂಜಿ ಹಿಡಿದು ಕೂತಿದ್ದಳು. ಶಿವಗಂಗಾಬಾಯಿ ಬಂದು ಸೂಜಿ ಕಸಿದುಕೊಂಡರು.

"ಇದ್ದಷ್ಟ ಇರ್ಲಿ ಬಿಡ. ನೆಲಾ ಒರಸಾಕ ಕಟ್ಟಿಲ್ಲ ಅದನ್ನ."

ಕಾರಣ ಹೇಳಲಿಲ್ಲ. ಅವರು ಕಾರಣ ಹೇಳುತ್ತಿದ್ದದ್ದೇ ಕಡಿಮೆ.

ಶಿವಗಂಗಾಬಾಯಿ ನಿಲಂಗಾದ ಒಕ್ಕಲುತನದ ಮನೆಯ ಮಗಳು, ಉದಗೀರದ ಕಾಳಿನ ವ್ಯಾಪಾರದ ಮನೆಯ ಸೊಸೆ. ಗಂಡ ಬೇಗ ಹೋದ. ಪಾಲಿಗೆ ಬಂದ ವಾಡೆಯನ್ನು ಹೆಣ್ಣುಮಕ್ಕಳ ಶಾಲೆಗೆ ಬಿಟ್ಟುಕೊಟ್ಟು, ತಾವು ಹಿಂದಿನ ಒಂದು ಕೋಣೆಯಲ್ಲಿ ಉಳಿದರು. ಹೆಸರಿಗೆ ಅವರು ಪಂಚರಲ್ಲಿ ಒಬ್ಬರು, ಮಿಕ್ಕಿದ್ದೆಲ್ಲವೂ ಅವರೇ. ಜೋಳ ಕೊಳ್ಳುವಾಗ ಕಾಳು ಹಲ್ಲಿನಲ್ಲಿ ಕಡಿದು ನೋಡುವವರು ಅವರು, ಮಕ್ಕಳ ತಲೆಯಲ್ಲಿ ಹೇನು ಹುಡುಕುವವರೂ ಅವರು. ಬಾಗಿಲಿಗೆಂದು ತಂದ ಕಲ್ಲಿನ ಮೇಲೆ ಅವರ ಹೆಸರು ಕೆತ್ತಿಸಬೇಕೆಂದು ಪಂಚರು ಕಲ್ಲುಕುಟಿಗನನ್ನು ಕರೆತಂದಾಗ, ಆ ಕಲ್ಲನ್ನು ಎತ್ತಿಸಿ ಬಚ್ಚಲಿಗೆ ಹಾಕಿಸಿ ಮಕ್ಕಳ ಬಟ್ಟೆ ಒಗೆಯಲು ಹಚ್ಚಿದರು.

ಆದರೆ ಸರ್ಕಾರಿ ಕಾಗದದಲ್ಲಿ ಮಾತ್ರ ಅವರ ಹೆಸರಿತ್ತು. ಅದೊಂದು ಸಣ್ಣ ಕಥೆ. ನಿಜಾಮ ಸರ್ಕಾರದಲ್ಲಿ ಖಾಸಗಿ ಶಾಲೆಗೆ ಇಜಾಜತ್ ಎಂಬ ಪರವಾನಗಿ ಬೇಕು, ಸಭೆಗೆ ಬೇಕು, ಮೆರವಣಿಗೆಗೆ ಬೇಕು. ಕನ್ನಡ ಕಲಿಸುವ ಶಾಲೆಯೆಂದರೆ ಕಚೇರಿಯವರು ಕಾಗದವನ್ನು ಇನ್ನೊಮ್ಮೆ ತಿರುವಿ ನೋಡುವ ಕಾಲ. ಅರ್ಜಿಗೆ ಯಾರ ಹೆಸರು ಎಂದಾಗ ಪಂಚರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎಲ್ಲರೂ ಸೇರಿ ಶಿವಗಂಗಾಬಾಯಿಯವರ ಮುಖ ನೋಡಿದರು. ನಾಳೆ ಏನಾದರೂ ಬಂದರೆ ವಿಧವೆ ಹೆಂಗಸನ್ನು ಯಾರು ಹಿಡಿದುಕೊಂಡು ಹೋಗುತ್ತಾರೆ ಎನ್ನುವುದು ಒಳಗಿನ ಲೆಕ್ಕ. ಹೊರಗೆ ಅದನ್ನು ಅವರು ಸ್ತ್ರೀಗೌರವ ಎಂದು ಕರೆದರು.

ಪರದೆ ಬಂದದ್ದು ಆಗ. ಪೇಟೆಯಲ್ಲಿ ತಲೆಯ ಮೇಲಿನ ಸೆರಗು ಬಿಟ್ಟರೆ ಬೇರೆ ಮರೆ ಇಲ್ಲದೆ ಓಡಾಡುವ ಹೆಂಗಸು, ಸರ್ಕಾರಿ ಅಧಿಕಾರಿ ಬಂದರೆ ಮಾತ್ರ ಪರದೆಯ ಹಿಂದೆ ಮಣೆ ಹಾಕಿಕೊಂಡು ಕೂಡುತ್ತಿದ್ದರು. ದನಿ ಮಾತ್ರ ಹೊರಗೆ ಬರುತ್ತಿತ್ತು. ಆ ದನಿಗೆ ತಪಾಸಣೆಯ ಸಾಹೇಬರುಗಳು ಕುರ್ಚಿಯ ತುದಿಗೆ ಸರಿಯುತ್ತಿದ್ದರು. "ಬಾಯಾರಿಗಿ ಹೆದರಿಕಿ ಅನ್ನೂದ ಗೊತ್ತಿಲ್ಲ" ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಊರಿಗೆ ಹಾಗೆ ತೀರ್ಮಾನಿಸುವುದು ಅನುಕೂಲವೂ ಆಗಿತ್ತು.

ಅವರು ತೀರಿಕೊಂಡದ್ದು ಒಂದು ಗುರುವಾರ ಬೆಳಿಗ್ಗೆ, ಮಕ್ಕಳು ಪ್ರಾರ್ಥನೆಗೆ ನಿಂತಿದ್ದಾಗ. ಪ್ರಾರ್ಥನೆ ಮುಗಿಯಿತು. "ಕುಂದರ್ರಿ" ಎಂಬ ಕೂಗು ಒಳಗಿನಿಂದ ಬರಲಿಲ್ಲ. ಕೂಗಿಲ್ಲದೆ ಕೂತು ಗೊತ್ತಿಲ್ಲದ ಮಕ್ಕಳು ನಿಂತೇ ಇದ್ದರು. ಪ್ರಯಾಗಬಾಯಿ ಒಳಗೆ ಹೋಗಿ ನೋಡಿದರೆ, ಗೋಡೆಗೊರಗಿ ಕೂತಿದ್ದರು. ಅಂಗೈಯಲ್ಲಿ ಇಷ್ಟಲಿಂಗ ಹಾಗೇ ಇತ್ತು.

ಪ್ರಯಾಗಬಾಯಿ ಪಾಠಶಾಲೆಯ ಒಬ್ಬಳೇ ಶಿಕ್ಷಕಿ. ಉಮರ್ಗಾ ತಾಲೂಕಿನ ಮುರುಮದವಳು. ಗಂಡ ಸತ್ತ ಮೇಲೆ ಬಾವನ ಮನೆಯಲ್ಲಿ ದನದ ಕೊಟ್ಟಿಗೆಯ ಮಗ್ಗುಲಿಗೆ ಮಲಗುತ್ತಿದ್ದವಳನ್ನು ಶಿವಗಂಗಾಬಾಯಿ ತಾವೇ ಬಂಡಿ ಕಟ್ಟಿಸಿಕೊಂಡು ಹೋಗಿ ಕರೆತಂದಿದ್ದರು. ಅವರ ಕರೆತರುವ ಪದ್ಧತಿ ಈ ಸೀಮೆಗೆಲ್ಲ ಗೊತ್ತಿತ್ತು. ಕಟ್ಟೆಯ ಮೇಲೆ ಕೂಡುವುದು, ಕೊಟ್ಟ ನೀರು ಮುಟ್ಟದಿರುವುದು, ಮಾತೂ ಆಡದಿರುವುದು. ಬಾಗಿಲಿಗೆ ಬಂದ ಹಿರಿಯಳು ನೀರು ಕುಡಿಯದೆ ಕೂತರೆ ಯಾವ ಮನೆ ಎಷ್ಟು ಹೊತ್ತು ತಾಳೀತು? ಉಮರ್ಗಾ, ಶಿರೂರ ಅನಂತಪಾಳ, ನಿಲಂಗಾ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು ಪಾಠಶಾಲೆಗೆ ಬಂದದ್ದು ಹೀಗೆಯೇ. ಮುರುಮದ ಬಾವ ಗಟ್ಟಿ ಆಸಾಮಿ, ಸಂಜೆಯವರೆಗೆ ತಾಳಿದ. ದೀಪ ಹಚ್ಚುವ ಹೊತ್ತಿಗೆ ಅವನ ಹೆಂಡತಿಯೇ ಬಂದು ಪ್ರಯಾಗಬಾಯಿಯ ಗಂಟನ್ನು ಬಂಡಿಯಲ್ಲಿಟ್ಟಳು.

ಈಗ ಪ್ರಯಾಗಬಾಯಿಗೆ ಅಳು ಬರಲಿಲ್ಲ. ಕೊಟ್ಟಿಗೆಯ ವಾಸನೆ ಬಂತು.

ಪಂಚರು ಓಡಿಬಂದರು. ಮನ್ಮಥಪ್ಪನವರು ಪಾದಕ್ಕೆ ತಲೆ ಹಚ್ಚಿ, ಎದ್ದು, ಕಣ್ಣೊರೆಸಿಕೊಂಡು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಇಜಾಜತ್ ಬಾಯಾರ ಹೆಸರೀಲೆ ಅದ. ಬಾಯಾರು ಹೋದ್ರು ಅಂತ ಕಚೇರಿಗಿ ಗೊತ್ತಾತಂದ್ರ ಬಂದು ಕೀಲಿ ಜಡೀತಾರ."

"ಹಂಗಾದ್ರ ಹೊಸಾ ಅರ್ಜಿ ಹಾಕ್ರಿ," ಎಂದರು ರಾಚಯ್ಯನವರು. ಅವರು ಮಠದ ಜಂಗಮರು, ಕ್ರಿಯೆ ಮಾಡಿಸಲು ವಿಭೂತಿ ತಟ್ಟೆ ಹಿಡಿದು ಬಂದಿದ್ದರು. "ನಿಮ್ಮ ಹೆಸರೀಲೆ ಹಾಕ್ರಲ್ಲ."

"ನನ್ನ ಹೆಸರೀಲೆ? ನನಗ ಮಕ್ಕಳು ಮರಿ ಅವ ಸ್ವಾಮ್ಯಾರ!"

"ಬಾಯಾರಿಗಿ ನಲವತ್ತ ಮಕ್ಕಳ ಇದ್ದು," ಎಂದಿತು ಬಾಗಿಲ ಹಿಂದಿನಿಂದ ಗುಂಡಮ್ಮನ ದನಿ.

ಸದ್ಯಕ್ಕೆ ಮಣ್ಣು ಮಾಡುವುದು, ಕಚೇರಿಯ ಕಡೆ ಬಾಯಿ ಬಿಡದಿರುವುದು, ಮುಂದಿನದು ಶಿವನಿಗೆ ಬಿಟ್ಟಿದ್ದು ಎಂದಾಯಿತು.

ನಮ್ಮಲ್ಲಿ ಲಿಂಗೈಕ್ಯರಾದವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈ ತೊಳೆದು, ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಎಳೆದು, ಬಾಳೆಕಂಬ ಕಟ್ಟಿದ ವಿಮಾನದಲ್ಲಿ ನೆಟ್ಟಗೆ ಕೂಡಿಸಿ, ಹೂವಿನ ಹಾರ ಹಾಕಿ ಹೊರುತ್ತಾರೆ. ಮುಂದೆ ಭಜನೆ, ಹಲಗೆಯ ಬಡಿತ. ಅಂದು ಅದಕ್ಕೂ ಮುಂದೆ ಪಾಠಶಾಲೆಯ ಮಕ್ಕಳು ಇಬ್ಬಿಬ್ಬರಾಗಿ ಸಾಲು ಹಿಡಿದು ಹೊರಟರು. ಹಾಗೆ ಹೋಗಿರೆಂದು ಯಾರೂ ಹೇಳಿರಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಸಾಲು ಹಿಡಿಯಬೇಕೆಂದು ಆಯಿ ಕಲಿಸಿದ್ದರು, ಹಿಡಿದರು. ಆಯಿ ಎಂದರೆ ಶಿವಗಂಗಾಬಾಯಿಯೇ, ಮಕ್ಕಳ ಬಾಯಲ್ಲಿ.

ನಿಲಂಗಾ ದಾರಿಯ ತಿರುವಿನಲ್ಲಿ ಎದುರಿಗೆ ಒಂದು ಟಾಂಗಾ ಬಂತು. ಅದರಲ್ಲಿದ್ದವರು ಶಾಲೆಗಳ ತಪಾಸಣೆಗೆಂದು ಆ ವಾರವೇ ಬಂದ ಹೊಸ ಸಾಹೇಬರು, ರಾಯ್ ಬೃಂದಾವನಲಾಲ. ಹೈದರಾಬಾದು ಪಟ್ಟಣದ ಕಾಯಸ್ಥರ ಮನೆತನ. ಖಾತೆಯ ಕಾನೂನು ಅವರಿಗೆ ಬಾಯಿಪಾಠ. ಈ ಸೀಮೆಯವರು ಹೇಗೆ ಮಣ್ಣಿಗೆ ಹೋಗುತ್ತಾರೆ ಎನ್ನುವುದು ಮಾತ್ರ ಯಾವ ಸುತ್ತೋಲೆಯಲ್ಲೂ ಬಂದಿರಲಿಲ್ಲ.

ಅವರು ಕಂಡದ್ದೇನು? ಸಾಲುಗಟ್ಟಿದ ಶಾಲೆಯ ಹುಡುಗಿಯರು, ಹಾಡು, ವಾದ್ಯ. ನಾಲ್ವರ ಹೆಗಲ ಮೇಲೆ ಹೂವಿನ ಮಂಟಪ, ಅದರೊಳಗೆ ಮೊಳಕಾಲವರೆಗೆ ಹಾರ ಹಾಕಿಸಿಕೊಂಡು ನೆಟ್ಟಗೆ ಕೂತ ಒಬ್ಬ ಮುದುಕಿ. ಟಾಂಗಾ ನಿಲ್ಲಿಸಿ, ಮುಂದಿನ ಹುಡುಗಿಯನ್ನು ಕೇಳಿದರು, ಯಾರಿದು ಎಂದು.

"ನಮ್ಮ ಆಯಿ," ಎಂದಳು ಆಕೆ. "ಪಾಠಶಾಲೆ ಆಯಿ."

ಸಾಹೇಬರು ಇಳಿದರು. ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದರು. ಹಲಗೆ ನಿಂತಿತು, ಭಜನೆ ನಿಂತಿತು. ಅವರ ಮಾತೂ ಅವರಿಗೆ ಕೊಟ್ಟ ಉತ್ತರವೂ ಉರ್ದು. ಇಲ್ಲಿ ನಮ್ಮ ಮಾತಿಗೆ ಇಳಿಸಿದ್ದೇನೆ.

"ಮೆರವಣಿಗೆಗೆ ಇಜಾಜತ್ ಎಲ್ಲಿ?"

ಸರ್ಕಾರದವರು ಕಾಗದ ಕೇಳಿದಾಗ ನಮ್ಮ ಜನಕ್ಕೆ ಇದ್ದ ಕಾಗದವೂ ಮರೆತುಹೋಗುತ್ತದೆ, ಇಲ್ಲದ ಕಾಗದದ ಮಾತಂತೂ ಬಿಡಿ. ಸಾಹೇಬರು ವಿಮಾನದ ಹತ್ತಿರಕ್ಕೇ ಬಂದರು. ಬಿಸಿಲು ಅವರ ಮುಖಕ್ಕೆ ಹೊಡೆಯುತ್ತಿತ್ತು, ಹಾರಗಳ ನಡುವೆ ವಿಭೂತಿ ಬಳಿದ ಹಣೆ ಇಷ್ಟು, ಮುಚ್ಚಿದ ಕಣ್ಣು ಇಷ್ಟು ಕಾಣುತ್ತಿತ್ತು.

"ಬಾಯಿ ಸಾಹೇಬಾ, ನಿಮ್ಮನ್ನೇ ಕೇಳುತ್ತಿದ್ದೇನೆ. ಶಾಲೆಯ ಮಕ್ಕಳನ್ನು ಬಿಸಿಲಲ್ಲಿ ನಡೆಸಿ ಸ್ವಂತ ಜಯಜಯಕಾರ ಮಾಡಿಸಿಕೊಳ್ಳುವುದು ಯಾವ ಕಾನೂನು?"

ಶಿವಗಂಗಾಬಾಯಿ ಉತ್ತರ ಕೊಡಲಿಲ್ಲ.

"ಸರ್ಕಾರದ ಅಧಿಕಾರಿ ಎದುರು ನಿಂತರೆ ಕೈ ಎತ್ತುವಷ್ಟೂ ಅದಬು ಇಲ್ಲವೇ? ಇಷ್ಟು ಸೊಕ್ಕೇ?"

ಹೊತ್ತವರು ಹೆಗಲು ಬದಲಿಸಿದರು. ಸತ್ತಿದ್ದಾರೆ ಎಂದರೆ ಪಾಠಶಾಲೆ ಮುಚ್ಚಿತು. ಸತ್ತಿಲ್ಲ ಎಂದರೆ ಇಜಾಜತ್ ಇಲ್ಲದ ಮೆರವಣಿಗೆ. ಸಾಹೇಬರ ಕಣ್ಣು ಎಲ್ಲರ ಮೇಲೆ ಹಾಯ್ದು, ಎಲ್ಲಕ್ಕಿಂತ ಒಳ್ಳೆಯ ರುಮಾಲು ಸುತ್ತಿದ್ದ ಮನ್ಮಥಪ್ಪನವರ ಮೇಲೆ ನಿಂತಿತು. ಮನ್ಮಥಪ್ಪನವರ ಬಾಯಿ ತಾನಾಗಿ ತೆರೆಯಿತು.

"ಬಾಯಾರು ಮೌನದಾಗ ಅದಾರ ಹುಜೂರ್."

"ಮೌನ ಯಾವಾಗ ಮುಗಿಯುತ್ತದೆ?"

"ಸಂಜಿಗಿ ಹುಜೂರ್."

ರಾಚಯ್ಯನವರ ಕೈಯಿಂದ ವಿಭೂತಿಯ ತಟ್ಟೆ ಬಿತ್ತು.

"ಸಂಜೆಗೆ ಪಾಠಶಾಲೆಗೇ ಬರುತ್ತೇನೆ," ಎಂದು ಸಾಹೇಬರು ಟಾಂಗಾ ಹತ್ತಿದರು. ಹಲಗೆಯ ಚರ್ಮ ತಣ್ಣಗಾಗಿ ಸಡಿಲಬಿದ್ದಿತ್ತು. ಹಾದಿಯ ಮೇಲೆ ಕಡ್ಡಿ ಉರಿ ಹಾಕಿ ಮತ್ತೆ ಕಾಸಿಕೊಂಡು ಮುಂದೆ ಹೋಗಬೇಕಾಯಿತು.

ಕ್ರಿಯೆ ಮುಗಿಸಿ ಬಂದವರು ಪಡಸಾಲೆಯಲ್ಲಿ ಕೂತರು. ಒದ್ದೆ ಬಟ್ಟೆ ಯಾರೂ ಬದಲಿಸಿರಲಿಲ್ಲ.

"ಮೌನದಾಗ ಅದಾರಂತ!" ಎಂದಳು ಗುಂಡಮ್ಮ, ಈಗ ಬಾಗಿಲ ಮುಂದೆಯೇ ನಿಂತು. "ಅಲ್ಲ ಅಣ್ಣಾರ, ಸಂಜಿಗಿ ಎಬ್ಬಿಸಿಕೊಂಡ ಬರೋರ ಯಾರ? ನೀವ ಹೋಗಿ ಅಗೀತೀರೇನು?"

"ಸುಮ್ ಕುಂದ್ರ ಗುಂಡವ್ವಾ. ಬಾಯಿಗಿ ಬಂದದ್ದ ಅಂದೆ. ಹೆದರಿಕ್ಯಾಗ ಏನ್ ಬರ್ತದ ಅದ."

"ಬಾಯಿಗಿ ಬಂದದ್ದ ಅಂತ! ಅಂಗಡ್ಯಾಗ ಗಿರಾಕಿ ಮುಂದ ಬರೂದಿಲ್ಲೇನು ಹಂಗ?"

ಮನ್ಮಥಪ್ಪನವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ಪರದೆಯ ಮೇಲಿತ್ತು. ಆಮೇಲೆ ಪ್ರಯಾಗಬಾಯಿಯ ಮೇಲೆ ಬಂತು.

"ಬಾಯಿ, ನೀವು ಅದರ ಹಿಂದ ಕೂತರ..."

"ನಾ?"

"ಯಾವ ಸಾಹೇಬನೂ ಅವರ ಮುಖಾ ನೋಡಿಲ್ಲ. ಇಂವಾ ಹಾರದ ನಡುವ ಹಣಿ ಇಷ್ಟ ಕಂಡಾನ, ದನಿ ಅಂತೂ ಕೇಳಿಲ್ಲ. ಒಂದ ಸಂಜಿ. ತಪ್ಪಾತ್ರಿ ಅಂದ್ರ ಸಾಕು, ಹೋಗ್ತಾನ. ಆಮ್ಯಾಲ ನಾವು ನಿಧಾನ್ಕ ನೋಡಾಮು."

"ಸಿಕ್ಕ ಬಿದ್ರ?"

ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ಸಿಕ್ಕಿಬಿದ್ದರೆ ಪರದೆಯ ಹಿಂದೆ ಇರುವುದು ಪ್ರಯಾಗಬಾಯಿ.

"ಸಿಕ್ಕ ಬಿದ್ರ ಮುರುಮಕ್ಕೂ ಹೋಗಂಗಿಲ್ಲ ನಾ, ಜೇಲಿಗೇ," ಎಂದಳು. "ಸಿಗಲಿಲ್ಲಂದ್ರ ಪಾಠಶಾಲೆ ಉಳೀತದೇನು, ಹೇಳ್ರಿ?"

"ಉಳೀತದ ಬಾಯಿ," ಎಂದರು ಮನ್ಮಥಪ್ಪನವರು, ಬೆಳಿಗ್ಗೆ ಸಾಹೇಬರಿಗೆ ಉತ್ತರ ಕೊಟ್ಟ ದನಿಯಲ್ಲೇ.

ಒಳಗಿನ ಕೋಣೆಯಿಂದ ಮಕ್ಕಳ ಉಸಿರಿನ ಸದ್ದು ಬರುತ್ತಿತ್ತು. ನಿಲಂಗಾದ ಹುಡುಗಿಯೊಬ್ಬಳಿಗೆ ಗಂಡು ಗೊತ್ತು ಮಾಡಿ ಕೂತಿದ್ದಾರೆ, ಮೂರನೇ ಇಯತ್ತೆ ಮುಗಿಯಲಿ ಎಂದು ಆಯಿ ತಡೆದಿದ್ದರು. ಶಾಲೆಗೆ ಕೀಲಿ ಬಿದ್ದ ಮರುದಿನವೇ ಆಕೆಯ ಮನೆಯಿಂದ ಬಂಡಿ ಬರುತ್ತದೆ. ಪ್ರಯಾಗಬಾಯಿ ಎದ್ದು ಪರದೆಯ ಹಿಂದೆ ಹೋಗಿ ಕೂತಳು.

ಆ ಮಣೆಯ ಮೇಲೆ ಆಕೆ ಎಂದೂ ಕೂತಿರಲಿಲ್ಲ. ಕೂತರೆ ಮೊದಲು ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೆರಳು ತಾವಾಗಿ ಪರದೆಯ ಅಂಚು ಹಿಡಿದವು. ಅಲ್ಲಿ ಬಟ್ಟೆ ಇರಲಿಲ್ಲ, ಬರೀ ನೂಲಿತ್ತು. ಬಗ್ಗಿ ನೋಡಿದಳು. ಮಣೆಯ ಮೇಲೆ ಕೂತವರ ಕೈ ತಾಗುವ ಎತ್ತರದಲ್ಲಿ, ಒಳಕ್ಕೆ ಮಡಚಿದ ಅಂಚಿನಲ್ಲಿ ಮಾತ್ರ, ದಪ್ಪ ನೀಲಿ ಬಟ್ಟೆ ಹಿಂಡಿ ಹಿಂಡಿ, ಎಳೆ ಎಳೆ ಕಿತ್ತು, ಜಾಳಾಗಿ ಹೋಗಿತ್ತು. ಒಂದು ದಿನದ ಕೆಲಸವಲ್ಲ, ವರ್ಷಗಳ ಬೆರಳು ಅದು. ಹೊರಗೆ ಗಟ್ಟಿ ದನಿ ಹೋಗುತ್ತಿದ್ದಾಗ ಒಳಗೆ ಈ ಕೆಲಸ ನಡೆದಿತ್ತು.

ಪ್ರಯಾಗಬಾಯಿಗೆ ಧೈರ್ಯ ಬಂತೆಂದು ಬರೆಯಬಹುದಿತ್ತು. ಬರಲಿಲ್ಲ. ಬಾಯಾರಿಗೇ ಇಷ್ಟು ಹೆದರಿಕೆ ಇದ್ದರೆ ನನ್ನ ಗತಿಯೇನು ಎಂದು ಇನ್ನಷ್ಟು ಹೆದರಿದಳು.

ಬೂಟಿನ ಸದ್ದು ಬಂತು. ಕುರ್ಚಿ ಎಳೆದ ಸದ್ದು. ಪರದೆಯ ಕೆಳಗಿನ ಗೇಣಿನಲ್ಲಿ ಎರಡು ಕರಿ ಬೂಟು ಬಂದು ನಿಂತವು, ಮೈಯೆಲ್ಲ ಧೂಳು, ಒಂದರ ಲಾಡಿಗೆ ಗಂಟು. ಬೇರೇನೂ ಕಾಣುವುದಿಲ್ಲ.

"ಬಾಯಿ ಸಾಹೇಬಾ, ಮೌನ ಮುಗಿಯಿತೇ?"

"ಜೀ," ಎಂದಳು. ದನಿ ತನ್ನದೆಂದು ಅನಿಸಲಿಲ್ಲ.

"ಬೆಳಿಗ್ಗೆ ಬೀದಿಯಲ್ಲಿ ಪರದೆ ಇರಲಿಲ್ಲ, ಈಗ ಇದೆ," ಎಂದಿತು ಬೂಟುಗಳ ಮೇಲಿನ ದನಿ. "ಇರಲಿ. ನಾನು ಕೆಟ್ಟವನಲ್ಲ. ಕೇಸು ಹಾಕುವುದಿಲ್ಲ. ಒಂದು ಮಾಫಿ ಬರೆದು ತಂದಿದ್ದೇನೆ, ಸಹಿ ಮಾಡಿ, ಮುಗಿಯಿತು." ಓದಿ ಹೇಳಿದರು: ನಾನು ಶಿವಗಂಗಾಬಾಯಿ, ನನ್ನ ಸ್ವಂತ ಹೊಗಳಿಕೆಯ ಆಸೆಯಿಂದ ಶಾಲೆಯ ಮಕ್ಕಳನ್ನು ಬಳಸಿ ಮೆರವಣಿಗೆ ಮಾಡಿಸಿಕೊಂಡಿದ್ದೇನೆ, ಇದಕ್ಕಾಗಿ ನಾಚಿಕೆಪಡುತ್ತೇನೆ.

ಕಾಗದವೂ ಕಲಮೂ ಪರದೆಯ ಕೆಳಗಿಂದ ಒಳಗೆ ಸರಿದು ಬಂದವು.

ಹೊರಗೆ ಮನ್ಮಥಪ್ಪನವರು ಉಸಿರು ಬಿಟ್ಟದ್ದು ಕೇಳಿಸಿತು. ಒಂದು ಸಹಿ. ಪಾಠಶಾಲೆ ಉಳಿಯುತ್ತದೆ. ಪ್ರಯಾಗಬಾಯಿ ಕಲಮು ಎತ್ತಿದಳು. ಬಚ್ಚಲಿನಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಒಬ್ಬ ಹುಡುಗಿ ಮಣ್ಣಿಗೆ ಹೋಗಿ ಬಂದ ಲಂಗವನ್ನು ಆ ಕಲ್ಲಿನ ಮೇಲೆ ಕುಕ್ಕುತ್ತಿದ್ದಳು. ಹೆಸರು ಕೆತ್ತಲು ತಂದ ಕಲ್ಲು.

ಕಲಮು ಕೆಳಗಿಟ್ಟಳು. ಉರ್ದು ಮರೆತು ಮುರುಮದ ಮಾತೇ ಬಂತು.

"ಇದಕ್ಕ ನಾ ಸಹಿ ಮಾಡಂಗಿಲ್ರೀ. ಆಕಿ ಇಂಥಾಕಿ ಅಲ್ಲ."

"ಏನೆನ್ನುತ್ತಾರೆ?" ಎಂದರು ಸಾಹೇಬರು ಮನ್ಮಥಪ್ಪನವರ ಕಡೆ ತಿರುಗಿ. ಮನ್ಮಥಪ್ಪನವರಿಗೆ ಆ ಹೊತ್ತಿಗೆ ಯಾವ ಭಾಷೆಯೂ ಬರುತ್ತಿರಲಿಲ್ಲ.

ಪ್ರಯಾಗಬಾಯಿ ಉರ್ದುವಿನಲ್ಲಿ ಹೇಳಿದಳು. ಒಂದೊಂದೇ ಮಾತು ಬಂತು. ನಾನು ಶಿವಗಂಗಾಬಾಯಿ ಅಲ್ಲ. ಅವರು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಹೋದರು. ನೀವು ರಸ್ತೆಯಲ್ಲಿ ಕಂಡದ್ದು ಮೆರವಣಿಗೆ ಅಲ್ಲ. ನಮ್ಮಲ್ಲಿ ಹೀಗೆಯೇ ಮಣ್ಣಿಗೆ ಒಯ್ಯುತ್ತಾರೆ, ಕೂಡಿಸಿ.

ಈಗ ಕೂಗು ಬರುತ್ತದೆ, ಈಗ ಸಿಪಾಯಿ ಬರುತ್ತಾನೆ ಎಂದು ಪ್ರಯಾಗಬಾಯಿ ನೂಲು ಹಿಂಡುತ್ತ ಕಾದಳು. ಕೂಗು ಬರಲಿಲ್ಲ. ಪರದೆಯ ಕೆಳಗೆ, ಅಗಲಕ್ಕೆ ಊರಿದ್ದ ಬೂಟುಗಳು ನಿಧಾನವಾಗಿ ಹಿಂದಕ್ಕೆ ಸರಿದವು. ಕುರ್ಚಿಯ ಕೆಳಗೆ ಹೋಗಿ ಒಂದಕ್ಕೊಂದು ಅಂಟಿಕೊಂಡವು, ಪಾಠ ಒಪ್ಪಿಸಲಾಗದ ಹುಡುಗಿಯ ಪಾದಗಳ ಹಾಗೆ.

ಆಗ ಆಕೆಗೆ ಗೇಣಿನ ಕಾರಣ ತಿಳಿಯಿತು. ಮುಖ ನೋಡಿದರೆ ಅಧಿಕಾರಿ ಕಾಣುತ್ತಾನೆ. ಬಾಯಾರು ವರ್ಷಗಟ್ಟಲೆ ಕಾಲು ನೋಡಿಕೊಂಡು ಕೂತಿದ್ದರು.

ಒಂದು ಕೈ ಕೆಳಗಿಳಿದು ಬಂತು. ಲಾಡಿಯ ಗಂಟು ಬಿಚ್ಚಲು ಸ್ವಲ್ಪ ಹೊತ್ತು ಒದ್ದಾಡಿತು. ಬೂಟುಗಳೆರಡನ್ನೂ ಕಳಚಿ ಬದಿಗಿಟ್ಟಿತು.

"ನಾನು ಅವರನ್ನು ಬೈದೆ," ಎಂದರು ಸಾಹೇಬರು.

"ಹೌದ್ರೀ."

"ಎಷ್ಟು ಹೊತ್ತು ನಿಲ್ಲಿಸಿದ್ದೆ?"

"ಹಲಗಿ ಮತ್ತ ಕಾಸಬೇಕಾತ್ರೀ."

"ನಮ್ಮಲ್ಲಿ ಹೆಣ ಎದುರಾದರೆ ಅಪರಿಚಿತರೂ ನಾಲ್ಕು ಹೆಜ್ಜೆ ಹೆಗಲು ಕೊಡುತ್ತಾರೆ. ನಾನು ಅಡ್ಡ ನಿಂತೆ." ದನಿ ತಗ್ಗಿತು. "ಹೈದರಾಬಾದಿಗೆ ಈ ಮಾತು ಹೋದರೆ... ದೂರು ಬರೆಯುತ್ತೀರಾ?"

ದೂರು! ಪಂಚರಿಗೆ ಆ ಶಬ್ದವೇ ಹೊಳೆದಿರಲಿಲ್ಲ. ಮನ್ಮಥಪ್ಪನವರು ಗಾಬರಿಯಿಂದ "ಛೇ ಛೇ ಹುಜೂರ್, ಎಲ್ಲೀದು..." ಎಂದು ಶುರುಮಾಡಿದ್ದರು. ಗುಂಡಮ್ಮ ಅವರ ರಟ್ಟೆ ಹಿಡಿದು ಜಗ್ಗಿದಳು. ಜವಳಿ ಪೇಟೆಯ ಹಿರಿಯರ ರಟ್ಟೆಯನ್ನು ಅಡಿಗೆಯವಳು ಹಿಡಿದದ್ದು ಅದೇ ಮೊದಲು.

ಪ್ರಯಾಗಬಾಯಿ ಉತ್ತರ ಕೊಡಲಿಲ್ಲ. ಜಾಣತನದಿಂದಲ್ಲ, ನಾಲಗೆ ಒಣಗಿತ್ತು. ಗುಂಡಮ್ಮ ಪರದೆಯ ಬದಿಯಿಂದ ಒಂದು ತಂಬಿಗೆ ನೀರು ಒಳಗಿಟ್ಟಳು. ಪ್ರಯಾಗಬಾಯಿ ಅದನ್ನು ನೋಡಿದಳು. ಮುರುಮದ ಕಟ್ಟೆ ನೆನಪಾಯಿತು, ಕಟ್ಟೆಯ ಮೇಲಿನ ತುಂಬಿದ ತಂಬಿಗೆ, ಅದರ ಪಕ್ಕದಲ್ಲಿ ಕೂತ ಹೆಂಗಸು. ತಾನೂ ನೀರು ಮುಟ್ಟದೆ, ಮಾತಾಡದೆ ಕೂತಳು. ತಂಬಿಗೆಯನ್ನು ಗೇಣಿನ ಆಚೆ, ಎಲ್ಲರಿಗೂ ಕಾಣುವಲ್ಲಿಗೆ ಸರಿಸಿಟ್ಟಳು.

ದೀಪ ಹಚ್ಚುವ ಹೊತ್ತಾಯಿತು. ಯಾರೂ ಹಚ್ಚಲಿಲ್ಲ. ಬೂಟಿಲ್ಲದ ಕಾಲುಗಳು ಒಮ್ಮೆ ಹಿಂದೆ, ಒಮ್ಮೆ ಮುಂದೆ ಸರಿದವು. ಕೊನೆಗೆ ಕೈ ಕೆಳಗಿಳಿದು ಮಾಫಿಯ ಕಾಗದವನ್ನು ಹಿಂದಕ್ಕೆ ಎಳೆದುಕೊಂಡಿತು. ಹರಿದ ಸದ್ದು ಕೇಳಿಸಿತು.

"ಇಜಾಜತ್ ಹೊಸದು ಬೇಕಾಗುತ್ತದೆ," ಎಂದರು ಸಾಹೇಬರು. "ನಾನೇ ಶಿಫಾರಸು ಬರೆಯುತ್ತೇನೆ. ಅರ್ಜಿ ಯಾರ ಹೆಸರಿನಲ್ಲಿ?"

ಪಂಚರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎಲ್ಲರೂ ಸೇರಿ ಪರದೆಯ ಕಡೆ ನೋಡಿದರು.

"ಬರೀರಿ," ಎಂದಿತು ಒಳಗಿನಿಂದ ದನಿ. ಗಟ್ಟಿಯಾಗಿಯೇ ಬಂತು. ಬೆರಳು ಏನು ಮಾಡುತ್ತಿದ್ದವು ಎನ್ನುವುದು ಹೊರಗಿನವರಿಗೆ ಕಾಣುವಂತಿರಲಿಲ್ಲ.

ಸಾಹೇಬರು ಹೊರಡುವಾಗ ತಂಬಿಗೆಯ ಕಡೆ ನೋಡಿ, "ಇನ್ನು ಕುಡಿಯಿರಿ," ಎಂದರು. ಬೂಟು ಕೈಯಲ್ಲಿ ಹಿಡಿದುಕೊಂಡು ಅಂಗಳದವರೆಗೆ ನಡೆದರು. ಅವರು ಆಮೇಲೆ ಸಮಾಧಿಗೆ ಹೋದರೆಂದು ಟಾಂಗಾದವನು ಹೇಳಿದ, ಹೋಗಲಿಲ್ಲವೆಂದೂ ಇನ್ನೊಮ್ಮೆ ಹೇಳಿದ.

ಶಿವಗಂಗಾಬಾಯಿಯವರ ನೆನಪಿಗೆ ಒಂದು ಸಭೆ ಮಾಡಬೇಕೆಂದು ಪಂಚರು ಗೊತ್ತುವಳಿ ಮಾಡಿದರು. ಸಭೆಗೆ ಇಜಾಜತ್ ಬೇಕು, ಅದರ ಅರ್ಜಿಗೆ ಒಂದು ಹೆಸರು ಬೇಕು. ಮನ್ಮಥಪ್ಪನವರಿಗೆ ಆ ವಾರ ಸೊಲ್ಲಾಪುರದಲ್ಲಿ ಖರೀದಿ ಇತ್ತು. ಸಭೆ ಆಗಲಿಲ್ಲ. ಪಾಠಶಾಲೆಯ ಇಜಾಜತ್ ಮಳೆಗಾಲದ ಮೊದಲು ಪ್ರಯಾಗಬಾಯಿಯ ಹೆಸರಿಗೆ ಬಂತು.